ದವಾಖಾನೆಯಲ್ಲಿ ಹೇಳದ ಹೆಸರು

ಕಲ್ಯಾಣದ ಪಾಲಿಕೆ ಕಚೇರಿಯ ಕಿಟಕಿಯ ಎದುರು ನಿಂತು ಭಾಗ್ಯಾ ತನ್ನ ಜನನ ಪತ್ರವನ್ನು ಮೊದಲ ಸಲ ಓದಿದಳು. ಶಾಲೆಗೆ ಸೇರಿಸುವಾಗ ಅಪ್ಪನ ಬಾಯಿಮಾತೇ ಸಾಕಾಗಿತ್ತು. ಈಗ ನರ್ಸಿಂಗ್ ಕಾಲೇಜಿನವರು ಪತ್ರವೇ ಬೇಕು ಎಂದಿದ್ದರು. ತಾಯಿ ಮಾನಮ್ಮ, ಅದು ಸರಿಯಿತ್ತು. ತಂದೆಯ ಹೆಸರು ವಿಠಲ ಎಂದಿರಬೇಕಾದಲ್ಲಿ ಬಾಲಪ್ಪ ಎಂದಿತ್ತು.

"ಅವ್ವಾ, ಯೇ ಬಾಲಪ್ಪ ಕೋಣ್ ಹೈ?"

ಮಾನಮ್ಮ ಮಗಳನ್ನು ಹೊರಗಿನ ಬೆಂಚಿಗೆ ಕರೆದೊಯ್ದು ಕೂರಿಸಿ, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು. ಬಾಲಪ್ಪ ಅವಳ ಮೊದಲ ಗಂಡ. ಲಿಂಗಸುಗೂರಿನ ಕಡೆಯ ಊರು. ಮಕ್ಕಳಾಗಲಿಲ್ಲವೆಂದು ಮನೆಯಲ್ಲಿ ದಿನವೂ ಜಗಳ. ಕಡೆಗೆ ದೈವ ಕೂಡಿತು, ಎಂದರೆ ಕುಲದ ಹಿರಿಯರು ಸೇರಿದರು. ಅವರ ಮುಂದೆ ಬಾಲಪ್ಪ ವೀಳ್ಯದೆಲೆ ಹರಿದು ಅವಳನ್ನು ಬಿಟ್ಟುಕೊಟ್ಟ. ಮರುವರ್ಷ ಅದೇ ಹಿರಿಯರ ಮುಂದೆ ವಿಠಲ ಹೊಸ ಸೀರೆ ಉಡಿಸಿ, ಉಡಿಕೆಯ ಮರುಮದುವೆ ಮಾಡಿಕೊಂಡು ಅವಳನ್ನು ಕಲ್ಯಾಣಕ್ಕೆ ಕರೆತಂದ. ಅದಾದ ಎರಡು ವರ್ಷಕ್ಕೆ ಭಾಗ್ಯಾ ಹುಟ್ಟಿದಳು.

ಹೆರಿಗೆಯ ದಿನ ವಿಠಲ ಡೊಂಬಿವಲಿಯಲ್ಲಿ ಗಾರೆ ಕೆಲಸದ ಮೇಲಿದ್ದ. ನರ್ಸ್ ಬಂದು ಗಂಡನ ಹೆಸರು ಕೇಳಿದಳು. ಮಾನಮ್ಮ ಬಾಯಿ ಬಿಡಲಿಲ್ಲ. ಕಟ್ಟಿಕೊಂಡ ಗಂಡನ ಹೆಸರನ್ನು ಹೆಂಡತಿ ನಾಲಿಗೆಯ ಮೇಲೆ ತಂದರೆ ಅವನ ಆಯುಷ್ಯ ಸವೆಯುತ್ತದೆಂದು ಕೇಳಿ ಬೆಳೆದವಳು ಅವಳು. ನರ್ಸ್ ಬೇಸತ್ತು, ತಲೆದೆಸೆಯಲ್ಲಿದ್ದ ಚೀಲದಿಂದ ಊರಿನ ಹಳೆಯ ವೋಟರ್ ಕಾರ್ಡು ತೆಗೆದು ಅದರಲ್ಲಿದ್ದ ಗಂಡನ ಹೆಸರನ್ನೇ ಬರೆದುಕೊಂಡು ಹೋದಳು. ಓದು ಬಾರದ ಮಾನಮ್ಮ, ಏನೋ ನಂಬರು ಬರೆದುಕೊಂಡಳು ಎಂದುಕೊಂಡು ಮಗ್ಗುಲಿನ ಕೂಸಿನ ಕಡೆ ತಿರುಗಿದಳು.

"ಈ ಬಾಲಪ್ಪನ ಹೆಸರು ಮಾತ್ರ ಪಟಪಟ ಹೇಳ್ತಿ," ಎಂದಳು ಭಾಗ್ಯಾ. "ಪಪ್ಪಾನ ಹೆಸರು ಒಂದ್ ಸಲ ಬೋಲ್ ದೇತಿ ತೋ ಏನಾಗ್ತಿತ್ತು?"

"ಬಿಟ್ಟಾವನ ಹೆಸರು ಹೇಳಿದ್ರ ಯಾರಿಗೇನು ಆಗತೈತಿ?"

ಭಾಗ್ಯಾಳಿಗೆ ಸಿಟ್ಟಿನ ನಡುವೆಯೂ ನಗು ಬಂತು. ಕಿಟಕಿಯಾಚೆಯ ಗುಮಾಸ್ತ ನಗಲಿಲ್ಲ. ಅಕ್ಷರ ತಪ್ಪಾಗಿದ್ದರೆ ತಾನೇ ತಿದ್ದುತ್ತಿದ್ದೆ, ತಂದೆಯನ್ನೇ ಬದಲಿಸಬೇಕಾದರೆ ಕೋರ್ಟಿನ ಆದೇಶ ತನ್ನಿ ಎಂದ. ಕಾಲೇಜಿನವರು ಸೀಟು ಹಿಡಿದಿಡಲು ಒಪ್ಪಿದ್ದರು, ಆದರೆ ಈ ಪ್ರವೇಶದ ಅವಧಿ ಮುಗಿಯುವವರೆಗೆ ಮಾತ್ರ.

ಡೊಂಬಿವಲಿಯ ವಕೀಲ ಹೃಷೀಕೇಶರು ಉಡುಪಿ ಕಡೆಯವರು, ಮಾನಮ್ಮ ರೊಟ್ಟಿ ತಟ್ಟಲು ಹೋಗುವ ಮನೆಗಳಲ್ಲಿ ಒಂದು ಅವರದು. ವಿಠಲ ಅವರ ಮುಂದೆ ತೋಳು ಚಾಚಿ, ಈಗಲೇ ರಕ್ತ ತೆಗೆದುಕೊಳ್ಳಿ, ಪರೀಕ್ಷೆ ಮಾಡಿಸಿ ಎಂದ. ವಕೀಲರು ಅವನ ತೋಳನ್ನು ಮೆಲ್ಲಗೆ ಕೆಳಗಿಳಿಸಿದರು.

"ನಿಮ್ಮ ರಕ್ತ ನಾನು ನಂಬ್ತೇನೆ ಮಾರಾಯ್ರೆ. ಕಾಯ್ದೆ ಮೊದಲು ರಕ್ತ ನೋಡುವುದಿಲ್ಲ, ಮದುವೆ ನೋಡ್ತದೆ. ಮದುವೆ ಇರುವಾಗ ಹುಟ್ಟಿದ ಮಗು ಆ ಗಂಡನದ್ದೇ ಅಂತ ಲೆಕ್ಕ. ಇವರ ಮೊದಲಿನ ಮದುವೆ ಮುರಿದದ್ದಕ್ಕೆ ಕೋರ್ಟಿನ ಕಾಗದ ಉಂಟಾ?"

ಕಾಗದ ಇರಲಿಲ್ಲ. ಕುಲದ ಪದ್ಧತಿಯಂತೆ ಆದ ಬಿಡುಗಡೆಯನ್ನೂ ಕಾಯ್ದೆ ಒಪ್ಪುತ್ತದೆ, ಆದರೆ ಅದು ಆಯಿತೆಂದು ಸಾಬೀತಾಗಬೇಕು ಎಂದು ವಕೀಲರು ವಿವರಿಸಿದರು. ಅಂದು ಕೂಡಿದ್ದ ಹಿರಿಯರಲ್ಲಿ ಯಾರೂ ಉಳಿದಿಲ್ಲವೆಂದು ಮಾನಮ್ಮ ಹೇಳಿದಳು. ಎಲೆ ಹರಿದವನೊಬ್ಬನೇ ಉಳಿದಿದ್ದ.

ಊರಿನವರಿಗೆ ಫೋನು ಮಾಡಿದಾಗ ಗೊತ್ತಾಯಿತು: ಬಾಲಪ್ಪ ದೂರವೇನೂ ಇಲ್ಲ, ಉಲ್ಹಾಸನಗರದ ಫರ್ನಿಚರ್ ಬಜಾರಿನಲ್ಲಿ ಟೆಂಪೋಗಳಿಗೆ ಮಾಲು ಹೇರುತ್ತಾನೆ. ತಾನೂ ಬರುತ್ತೇನೆಂದ ವಿಠಲನನ್ನು ಮಾನಮ್ಮ ತಡೆದಳು. ನೀವು ಬಂದರೆ ಮಾತು ಬಿಟ್ಟು ಅಂಗಿತೋಳು ಏರಿಸುತ್ತೀರಿ ಎಂದಳು. ಮಗಳೊಬ್ಬಳನ್ನೇ ಕರೆದುಕೊಂಡು ಹೊರಟಳು. ಗುರುವಾರದ ಭಜನೆಗೆ ಹೋಗುವಾಗ ಇರುವಂಥದೇ ನಿರಾಳ ಅವಳ ನಡೆಯಲ್ಲಿತ್ತು. ನಡೆದದ್ದನ್ನು ನಡೆದ ಹಾಗೆ ಹೇಳಲು ಹೊರಟವಳಿಗೆ ಅಂಜಿಕೆ ಯಾಕೆ?

ಬಾಲಪ್ಪ ಒಂದು ಕಪಾಟಿನ ಹಗ್ಗ ಬಿಗಿಯುತ್ತಿದ್ದ. ಕೂದಲು ನರೆತಿತ್ತು. ಇವಳನ್ನು ನೋಡಿದ ಕೂಡಲೇ ಗುರುತಿಸಿದ. ವಿಷಯವನ್ನೆಲ್ಲ ಕೇಳಿಸಿಕೊಂಡು ಹಗ್ಗದ ತುದಿ ಬಿಟ್ಟು, ಟೆಂಪೋದ ಅಂಚಿಗೆ ಒರಗಿದ.

"ಹಂಗಾರ ಇಷ್ಟು ವರ್ಷ ನನಗೊಬ್ಬಾಕಿ ಮಗಳಿದ್ಲು," ಎಂದು ಭಾಗ್ಯಾಳನ್ನು ನೋಡಿದ. "ಒಬ್ಬರೂ ಹೇಳಲಿಲ್ಲ ನೋಡು. ಮದಿವಿಗೆ ರೊಕ್ಕ ಕೂಡಿಸಿಡತಿದ್ದೆ."

ಅವನ ಧ್ವನಿ ಇಳಿಯಿತು.

"ಎರಡನೇಯಾಕಿಗೂ ಮಕ್ಕಳಾಗಲಿಲ್ಲ, ಮಾನಮ್ಮ. ಊರಾಗ ನಿನ್ನ ಬಂಜಿ ಅಂದ್ರು, ನಾನೂ ಅಂದೆ. ಈಗ ಕೋರ್ಟಿನ್ಯಾಗ ನಿಂತು ಏನ ಹೇಳ್ಲಿ, ಕೊರತಿ ನಂದs ಇತ್ತಂತ? ಕಾಗದದಾಗರ ಒಂದು ಕೂಸು ಇರ್ಲಿ ಬಿಡು."

"ಕಾಗದದಾಗ ಕೂಸು ಇರಂಗಿಲ್ಲ. ಕೂಸು ಇಲ್ಲಿ ನಿಂತೈತಿ, ಆಕಿ ಓದು ನಿಂತೈತಿ. ನಿನ್ನ ಕೊರತಿ ಕೇಳಾಕ ನಾ ಬಂದಿಲ್ಲ. ದೈವದ ಮುಂದ ಎಲಿ ಹರದಿ ಅಲ್ಲ, ಅದನ್ನಷ್ಟ ಹೇಳು. ಉಳಿದದ್ದು ಯಾರೂ ಕೇಳಂಗಿಲ್ಲ."

ಬಾಲಪ್ಪ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಭಾಗ್ಯಾ ಕೋರ್ಟಿನ ತಾರೀಖು ಬರೆದು ಕೊಟ್ಟ ಚೀಟಿಯನ್ನು ಜೇಬಿಗಿಟ್ಟು ಮತ್ತೆ ಹಗ್ಗ ಕೈಗೆತ್ತಿಕೊಂಡ.

ಕಲ್ಯಾಣ ಕೋರ್ಟಿನಲ್ಲಿ ಹೆಸರು ಕೂಗಿದಾಗ ಬಾಲಪ್ಪ ಬಂದಿರಲಿಲ್ಲ. ಮೊದಲು ಮಾನಮ್ಮ ಕಟಕಟೆ ಹತ್ತಿದಳು. ನ್ಯಾಯಾಧೀಶೆ ಮರಾಠಿಯವರು. ಮಗುವಿನ ತಂದೆ ಯಾರೆಂದು ಕೇಳಿದರು. ಹೃಷೀಕೇಶರು ಅದನ್ನೇ ಕನ್ನಡದಲ್ಲಿ ಹೇಳಿದರು. ಮಾನಮ್ಮ ಸೆರಗು ಸರಿಪಡಿಸಿಕೊಂಡು, ಹಿಂದೆ ಕೂತಿದ್ದ ವಿಠಲನ ಕಡೆ ಕೈ ತೋರಿಸಿದಳು. ಪಾಲಿಕೆಯ ವಕೀಲರು ತಮ್ಮ ಕಾಗದದಲ್ಲಿ ಏನೋ ಗುರುತು ಮಾಡಿಕೊಂಡರು. ಹೆಸರು ಹೇಳಲೇಬೇಕು, ಸನ್ನೆ ನಡೆಯುವುದಿಲ್ಲ ಎಂದರು ನ್ಯಾಯಾಧೀಶೆ. ಕಣ್ಣು ಮುಚ್ಚಿ, ಕೈ ಮುಗಿದು, ಮದುವೆಯ ಹೊಸ್ತಿಲಲ್ಲಿ ನಿಂತವಳಂತೆ ಮಾನಮ್ಮ ರಾಗವಾಗಿ ಹೇಳಿದಳು:

"ಮಲ್ಲಿಗಿ ದಂಡಿಗೆ ಬೇಕು ದಾರ,
ಹಡೆದ ಮಗಳಿಗೆ ತಂದಿ ಆಧಾರ,
ವಿಠಲರಾಯರು ನನ್ನ ಸರದಾರ."

ಟೈಪಿಸ್ಟನ ಬೆರಳುಗಳು ನಿಂತವು. ಇದೇನು ಹಾಡು ಎಂದು ಪಾಲಿಕೆಯ ವಕೀಲರು ಕೇಳಿದರು. ಒಡಪು, ಗಂಡನ ಹೆಸರನ್ನು ಹೆಂಗಸರು ಪದ್ಯದಲ್ಲಿಟ್ಟು ಹೇಳುವುದು ಎಂದರು ಹೃಷೀಕೇಶರು. ನ್ಯಾಯಾಧೀಶೆಗೆ ವಿವರಣೆ ಬೇಕಿರಲಿಲ್ಲ. ಉಖಾಣಾ ಅಲ್ಲವೇ, ನಾನೂ ಹೇಳಿದ್ದೇನೆ ಎಂದು ನಕ್ಕು, ಹೆಸರನ್ನಷ್ಟೇ ಬರೆದುಕೊ ಎಂದು ಟೈಪಿಸ್ಟನಿಗೆ ತಿಳಿಸಿದರು.

ಆದರೆ ಹೆಸರು ಹೇಳಿದ ಮಾತ್ರಕ್ಕೆ ಮೊದಲ ಮದುವೆ ಮುರಿದಂತಾಗಲಿಲ್ಲ ಎಂದು ಪಾಲಿಕೆಯ ವಕೀಲರು ಎದ್ದರು. ಅವರ ಮಾತು ನಡೆಯುತ್ತಿರುವಾಗಲೇ ಬಾಲಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

ಎಲೆ ಹರಿದದ್ದು ನಿಜ, ಆಮೇಲೆ ಈಕೆಯ ಮುಖ ನೋಡಿದ್ದು ಮೊನ್ನೆ ಬಜಾರಿನಲ್ಲೇ ಎಂದು ಅವನು ಹೇಳಿದ. ಅಷ್ಟಕ್ಕೇ ಮುಗಿಯಬಹುದೆಂದು ಮಾನಮ್ಮ ಎಣಿಸಿದ್ದಳು. ಮುಗಿಯಲಿಲ್ಲ. ಬಿಟ್ಟ ಮೇಲೂ ಗುಟ್ಟಾಗಿ ಕೂಡಿದ್ದಿರಬಹುದಲ್ಲ, ಮಗು ನಿನ್ನದೇ ಇರಬಹುದಲ್ಲ ಎಂದು ಪಾಲಿಕೆಯ ವಕೀಲರು ಕೇಳಿದರು. ಮಾನಮ್ಮ ತಲೆ ತಗ್ಗಿಸಿದಳು. ಯಾರೂ ಕೇಳುವುದಿಲ್ಲ ಎಂದು ಮಾತು ಕೊಟ್ಟವಳು ಅವಳೇ.

ಬಾಲಪ್ಪ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದ.

"ಇಬ್ಬರು ಹೆಂಡ್ರು ಆದ್ರು ಮೇಡಮ್ಮರ. ಒಂದೂ ಕೂಸು ಆಗಲಿಲ್ಲ. ಡಾಕ್ಟರು ನನ್ನs ನೋಡಿ ಹೇಳ್ಯಾರ. ಈ ಹುಡುಗಿ ನಂದಾಗಿದ್ರ, ನಂದು ಅನ್ನಾಕ ಓಡಿ ಬರತಿದ್ದೆ. ನಂದಲ್ಲ. ವಿಠಲಂದು."

ಪಾಲಿಕೆಯ ವಕೀಲರು ಕೂತರು. ದಾಖಲೆ ತಿದ್ದಲು ನ್ಯಾಯಾಧೀಶೆ ಅಲ್ಲೇ ಆದೇಶ ಬರೆಸಿದರು.

ಹೊರಗೆ ವಿಠಲ ಬಾಲಪ್ಪನ ಎರಡೂ ಕೈ ಹಿಡಿದು ನಿಂತ. ಕೊರತೆ ನನ್ನದೆಂದು ಊರಲ್ಲೂ ಹೇಳುತ್ತೇನೆ, ನಿನಗೆ ಅಂಟಿಸಿದ್ದು ತೆಗೆಯಬೇಕಲ್ಲ ಎಂದು ಬಾಲಪ್ಪ ಮಾನಮ್ಮನ ಕಡೆ ನೋಡದೆಯೇ ಹೇಳಿದ. ಅವಳು ಹೂಂ ಎಂದಳು.

ಭಾಗ್ಯಾ ಮುಂದೆ ಬಂದಳು. ಕನ್ನಡದಲ್ಲೇ ಕೇಳಬೇಕೆಂದು ಮಾತು ಹುಡುಕಿಕೊಂಡಳು.

"ನಿಮಗ ಏನಂತ ಕರೀಲಿ?"

ಬಾಲಪ್ಪ ಅವಳ ಕಡೆ ತಿರುಗಿದ. "ಕಾಕಾ ಅನ್ನು. ಅದಕ್ಕ ಯಾವ ಆಫೀಸಿಗೂ ಹೋಗೂದು ಬೇಕಾಗಿಲ್ಲ."

"ಕಾಕಾ, ಜೇವಣ್ ಕರೂನ್ ಜಾ," ಎಂದು ಅವಳು ಮರಾಠಿಗೆ ಹೊರಳಿ ಊಟಕ್ಕೆ ಕರೆದಳು. ಮೊದಲು ಪಾಲಿಕೆಗೆ ಹೋಗಿ ಆದೇಶ ಕೊಟ್ಟು ಬನ್ನಿ, ಕಿಟಕಿ ಮುಚ್ಚೀತು ಎಂದು ಬಾಲಪ್ಪ ಅವಸರಪಡಿಸಿದ. ನಾಲ್ವರೂ ಒಂದೇ ರಿಕ್ಷಾ ಹತ್ತಿದರು.