ಎಳೆಗೂಸಿನ ನೆತ್ತಿಗೆ ಬೆಳಕಿನ ಟೋಪಿ

ದಿನ ತುಂಬುವ ಮೊದಲೇ ಮಗು ಹುಟ್ಟಿತು ಅಂದರೆ ಮನೆಯವರ ಜೀವ ಬಾಯಿಗೆ ಬಂದ ಹಾಗೆ. ಕಿಡಿಯಣ್ಣನ ಮಗಳು ಹುಟ್ಟಿದ್ದು ಎರಡು ತಿಂಗಳು ಮುಂಚೆ. ತೊಟ್ಟಿಲು ತಂದಿರಲಿಲ್ಲ, ಹೆಸರು ಯೋಚಿಸಿರಲಿಲ್ಲ. ಎಲ್ಲರೂ ಪುಟ್ಟಿ ಅಂದರು, ಅದೇ ನಿಂತಿತು.

ಕಿಡಿಯಣ್ಣ ವೆಲ್ಡಿಂಗ್ ಕೆಲಸದವನು. ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ ಬೆಸೆಯುವವನು. ಕಿಡಿ ಹಾರುತ್ತಿದ್ದದ್ದು ಕೆಲಸದಲ್ಲೋ ಮಾತಿನಲ್ಲೋ ಅಂತ ಯಾರಾದರೂ ಕೇಳಿದರೆ ಅವನ ಹೆಂಡತಿ, "ಎರಡರಲ್ಲೂ" ಅನ್ನುತ್ತಿದ್ದಳು.

ಮೂರು ವಾರದಿಂದ ಪುಟ್ಟಿ ಆಸ್ಪತ್ರೆಯ ಬೆಚ್ಚನೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಹೆಂಡತಿ ಪಕ್ಕದ ಸ್ಟೂಲಿನ ಮೇಲೆ. ಕಿಡಿಯಣ್ಣ ಮಾತ್ರ ಒಂದು ಕಡೆ ಕೂತವನಲ್ಲ. ವರಾಂಡದ ಈ ತುದಿಯಿಂದ ಆ ತುದಿಗೆ ನಲವತ್ತೊಂದು ಹೆಜ್ಜೆ ಅಂತ ಅವನಿಗೆ ಬಾಯಿಪಾಠವಾಗಿತ್ತು. ಯಾಕೆಂದರೆ ಪುಟ್ಟಿ ಆಗಾಗ ಉಸಿರಾಡೋದನ್ನೇ ಮರೆತುಬಿಡುತ್ತಿದ್ದಳು. ಯಂತ್ರ ಕೂಗುತ್ತಿತ್ತು, ನರ್ಸಕ್ಕ ಓಡಿ ಬಂದು ಪಾದ ತಟ್ಟುತ್ತಿದ್ದಳು, ಕೂಸಿಗೆ ನೆನಪಾಗುತ್ತಿತ್ತು. ಆ ಕೂಗು ಕೇಳಿದಾಗಲೆಲ್ಲ ಇವನ ಹೆಜ್ಜೆಯ ಲೆಕ್ಕ ತಪ್ಪುತ್ತಿತ್ತು.

ಒಂದು ಬೆಳಿಗ್ಗೆ ನರ್ಸಕ್ಕ ಒಂದು ಕಾಗದ ಹಿಡಿದು ಬಂದಳು.

"ಪುಟ್ಟಿ ತಲೆಗೆ ಒಂದು ಮೆತ್ತನೆ ಟೋಪಿ ಹಾಕಿ ನೋಡೋಣ ಅಂತಿದ್ದಾರೆ ಡಾಕ್ಟರಮ್ಮ. ಅದರೊಳಗೆ ಸಣ್ಣ ಸಣ್ಣ ದೀಪ ಇರ್ತವೆ. ಮಿದುಳಿಗೆ ಆಕ್ಸಿಜನ್ ಸರಿಯಾಗಿ ಹೋಗ್ತಿದೆಯಾ, ಮಿದುಳು ಹೇಗೆ ಬೆಳೀತಿದೆ ಅಂತ ಅದರಿಂದ ಒಂದಿಷ್ಟು ಗೊತ್ತಾಗುತ್ತೆ. ನೀವು ಒಪ್ಪಿದರೆ ಇಲ್ಲಿ ಸಹಿ ಹಾಕಿ."

"ದೀಪಾನಾ? ತಲೆಯೊಳಗೆ ಬೆಳಕು ಬಿಡ್ತೀರಾ?"

"ಕಣ್ಣಿಗೆ ಕಾಣದ ಬೆಳಕು. ಕೆಂಪು ಬಣ್ಣದ ಆಚೆಗಿರೋದು."

ಅಷ್ಟು ಹೇಳಿದ್ದೇ ತಡ, ಕಿಡಿಯಣ್ಣ ಕಾಗದ ಹಿಂದಕ್ಕೆ ತಳ್ಳಿದ. "ಬೇಡ. ಬೆಳಕಿನ ವಿಷಯ ನನಗೆ ಹೇಳ್ಬೇಡಿ. ಹತ್ತೊಂಬತ್ತು ವರ್ಷ ಅದರ ಜೊತೆಗೇ ಬದುಕಿದ್ದೀನಿ. ಒಂದು ಸಲ ಮುಖಗವಸು ಹಾಕ್ಕೊಳ್ಳದೆ ಬೆಸೆದು, ಕಣ್ಣಿಗೆ ಮರಳು ಎರಚಿದ ಹಾಗಾಗಿ ಎರಡು ದಿನ ಗೋಡೆ ಹಿಡ್ಕೊಂಡು ಓಡಾಡಿದ್ದೀನಿ. ಕಾಣೋ ಬೆಳಕಿಗಿಂತ ಕಾಣದ ಬೆಳಕೇ ಕೆಟ್ಟದ್ದು."

ನರ್ಸಕ್ಕ ಮಾತು ಬೆಳೆಸಲಿಲ್ಲ. "ಯೋಚನೆ ಮಾಡಿ. ಯಾವಾಗ ಬೇಕಾದರೂ ಕೇಳಿ" ಅಂದು ಹೋದಳು.

ಮಧ್ಯಾಹ್ನ ಬುತ್ತಿ ತಂದ ಅವನ ಅಕ್ಕನಿಗೆ ವಿಷಯ ಗೊತ್ತಾಯಿತು. ಅಕ್ಕನದು ಇಸ್ತ್ರಿ ಅಂಗಡಿ. ಬಟ್ಟೆ ಜೊತೆಗೆ ಊರ ಸುದ್ದಿಯೂ ಅಲ್ಲಿಗೆ ಬಂದು ಮಡಿಕೆಯಾಗಿ ಹೋಗುತ್ತಿತ್ತು.

"ಒಳ್ಳೇದು ಮಾಡಿದೆ ಕಣೋ. ಇಸ್ತ್ರಿ ಪೆಟ್ಟಿಗೆ ಒಂದೇ ಕಡೆ ಎರಡು ಗಳಿಗೆ ಬಿಟ್ಟರೆ ಬಟ್ಟೆ ಕರಕಲಾಗುತ್ತೆ. ಇದು ಎಳೆಗೂಸು, ನೆತ್ತಿ ಇನ್ನೂ ಕೂಡಿಲ್ಲ. ಇಂಥ ಬೆಳಕು ತಲೆ ಬೇಯಿಸಿಬಿಡುತ್ತಂತೆ, ಹಿಂದೆ ನಮ್ಮ ಗಿರಾಕಿಯೊಬ್ಬರು ಹೇಳಿದ್ದರು."

"ಆ ಗಿರಾಕಿ ಡಾಕ್ಟರಾ?" ಅಂತ ಕೇಳಿದಳು ಕಿಡಿಯಣ್ಣನ ಹೆಂಡತಿ.

"ಅಲ್ಲ. ಪೀಠೋಪಕರಣದ ಅಂಗಡಿ."

ಹೆಂಡತಿ ನಗಲಿಲ್ಲ. ಗಾಜಿನೊಳಗೆ ಕೈ ಹಾಕಿ ಮಗಳ ಬೆರಳು ಮುಟ್ಟಿಕೊಂಡೇ ಹೇಳಿದಳು, "ಬೇಡ ಅನ್ನೋದು ಸುಲಭ. ಒಳಗೇನಾಗ್ತಿದೆ ಅಂತ ಗೊತ್ತಿಲ್ಲದೆ ಇಲ್ಲಿ ಕೂತಿರೋಳು ನಾನು. ನೀನು ಹೋಗಿ ಪೂರ್ತಿ ಕೇಳ್ಕೊಂಡು ಬಾ. ಆಮೇಲೂ ಬೇಡ ಅನ್ನಿಸಿದರೆ ಬೇಡ."

ಅವನು ಕೇಳಲಿಲ್ಲ. ಆ ದಿನವೂ ಇಲ್ಲ, ಮಾರನೇ ದಿನವೂ ಇಲ್ಲ. ಮೂರನೇ ದಿನ ತನ್ನ ವೆಲ್ಡಿಂಗ್ ಅಂಗಡಿಗೆ ಹೋದ, ಒಂದು ಕಂಬಿಯನ್ನ ಓರೆಯಾಗಿ ಬೆಸೆದ, ಕಿತ್ತು ಮತ್ತೆ ಬೆಸೆದ, ಅದೂ ಓರೆ. ಎಲ್ಲ ಬಿಟ್ಟು ವಾಪಸ್ ಬಂದ. ವರಾಂಡ, ನಲವತ್ತೊಂದು ಹೆಜ್ಜೆ. ಅಷ್ಟರಲ್ಲಿ ಯಂತ್ರ ಮತ್ತೆ ಕೂಗಿತು. ಬೆಳಿಗ್ಗೆಯಿಂದ ಅದು ಐದನೇ ಸಲ.

ಆಗ ತಡೆಯಲಾರದೆ ನೇರ ನರ್ಸಕ್ಕನ ಹತ್ತಿರ ಹೋದ. "ಆ ಟೋಪಿ ಮೊದಲು ನನಗೆ ಹಾಕಿ. ನನಗೇನೂ ಆಗದಿದ್ದರೆ ನೋಡೋಣ."

"ಬನ್ನಿ" ಅಂದಳು ನರ್ಸಕ್ಕ, ಅವನು ಬರುತ್ತಾನೆ ಅಂತ ಗೊತ್ತಿದ್ದವಳ ಹಾಗೆ.

ಟೋಪಿ ಅವನ ತಲೆಗೆ ಎಲ್ಲಿ ಹಿಡಿಸಬೇಕು! ಅದೇ ದೀಪಗಳಿದ್ದ ಒಂದು ಪಟ್ಟಿಯನ್ನ ಅವನ ಮುಂಗೈ ಮೇಲಿಟ್ಟಳು. ಅವನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತ. ಒಂದು ನಿಮಿಷ ಕಳೆಯಿತು.

"ಯಾವಾಗ ಶುರು ಮಾಡ್ತೀರಿ?"

"ಆಗಲೇ ಶುರುವಾಗಿದೆ. ಬಿಸಿ ತಗುಲಿತಾ?"

"ಇಲ್ಲ."

"ನಿಮ್ಮ ಕೆಲಸದ ಬೆಳಕು ಕಣ್ಣು ಸುಡುತ್ತೆ, ನಿಜ. ಅದು ಬೇರೆ ಜಾತಿಯ ಬೆಳಕು, ಅದರ ರಭಸವೂ ಬೇರೆ. ಒಲೆಯೂ ಬೆಂಕಿ, ಮೇಣದಬತ್ತಿಯೂ ಬೆಂಕಿ ಅಂತ ಎರಡರ ಮೇಲೂ ಪಾತ್ರೆ ಇಡ್ತೀವಾ? ಕತ್ತಲಲ್ಲಿ ಟಾರ್ಚಿನ ಮೇಲೆ ಬೆರಳಿಟ್ಟರೆ ಬೆರಳು ಕೆಂಪಗೆ ಕಾಣುತ್ತಲ್ಲ? ಬೆಳಕು ಮಾಂಸ ದಾಟಿ ಬರುತ್ತೆ. ಇದೂ ಹಾಗೇ. ಎಳೆಗೂಸಿನ ತಲೆಬುರುಡೆ ತೆಳು, ಅದಕ್ಕೇ ಈ ಬೆಳಕು ಒಳಗೆ ಒಂದಿಷ್ಟು ದೂರ ಹೋಗಿ ವಾಪಸ್ ಬರುತ್ತೆ. ಆಕ್ಸಿಜನ್ ಇರೋ ರಕ್ತ ಒಂದು ಥರ ಬೆಳಕು ಕುಡಿಯುತ್ತೆ, ಇಲ್ಲದ ರಕ್ತ ಇನ್ನೊಂದು ಥರ. ವಾಪಸ್ ಬಂದದ್ದನ್ನ ನೋಡಿ ಯಂತ್ರ ಲೆಕ್ಕ ಹಾಕುತ್ತೆ. ಸೂಜಿ ಇಲ್ಲ, ಔಷಧಿ ಇಲ್ಲ."

ಹೇಳುತ್ತಲೇ ಅವಳು ಬಿ.ಪಿ. ನೋಡುವ ಪಟ್ಟಿಯನ್ನ ಅವನ ತೋಳಿಗೆ ಸುತ್ತಿ ಬಿಗಿಯಾಗಿ ಗಾಳಿ ತುಂಬಿದಳು. ಯಂತ್ರದ ಪರದೆಯ ಮೇಲೆ ಆಕ್ಸಿಜನ್ ತೋರಿಸುವ ಗೆರೆ ಮೆಲ್ಲಗೆ ಇಳಿಯತೊಡಗಿತು. ಕೈ ಜೋಮು ಹಿಡಿಯಿತು. ಗಾಳಿ ಬಿಟ್ಟಳು. ಗೆರೆ ಚಂಗನೆ ಮೇಲೆ ಹಾರಿತು.

ಕಿಡಿಯಣ್ಣ ಬಾಯಿ ತೆರೆದು ನೋಡಿದ. "ನನ್ನ ಕೈಯಲ್ಲಿ ರಕ್ತ ನಿಂತಿದ್ದು, ಬಂದಿದ್ದು..."

"ಅಷ್ಟೇ. ಪುಟ್ಟಿ ಮಿದುಳಲ್ಲಿ ಅದನ್ನೇ ನೋಡೋದು."

"ಕಣ್ಣಿಗೆ ಬೀಳಲ್ವಾ? ಚರ್ಮ?"

"ಕಣ್ಣಿಂದ ದೂರ ಇಡ್ತೀವಿ. ಚರ್ಮದ ಮೇಲೆ ಗುರುತು ಬೀಳದ ಹಾಗೆ ಆಗಾಗ ತೆಗೆದು ನೋಡ್ತೀವಿ. ಕೇಳಿದ್ದು ಒಳ್ಳೇದಾಯ್ತು."

ಅವನು ಸಹಿ ಹಾಕಿದ. ಟೋಪಿ ಹಾಕಿದಾಗ ಪುಟ್ಟಿ ಮುಖ ಕಿವುಚಿ, ಆಕಳಿಸಿ, ಮತ್ತೆ ನಿದ್ದೆ ಹೋದಳು. ಅರ್ಧ ಗಂಟೆ ಗೆರೆ ನೋಡಿದ ಡಾಕ್ಟರಮ್ಮನ ಹುಬ್ಬು ಮಾತ್ರ ಗಂಟಾಯಿತು.

"ತಲೆಗೆ ಹೋಗೋ ಆಕ್ಸಿಜನ್ ಇರಬೇಕಾದಷ್ಟಿಲ್ಲ."

ಕಿಡಿಯಣ್ಣ ಧಗ್ಗನೆ ಹತ್ತಿಕೊಂಡ. "ನೋಡಿದ್ರಾ! ಬೆಳಕು ಬಿಟ್ಟಿರಿ, ಇಳೀತು! ನಾನು ಬಡ್ಕೊಂಡೆ!"

ಡಾಕ್ಟರಮ್ಮ ದನಿ ಏರಿಸಲಿಲ್ಲ. "ಮಗೂನ ತೂಕಕ್ಕೆ ಹಾಕಿ, ಕಡಿಮೆ ಬಂದರೆ ತಕ್ಕಡಿ ಮೇಲೆ ತಪ್ಪು ಹೊರಿಸ್ತೀರಾ? ಇದು ಅಳೆಯುತ್ತೆ ಅಷ್ಟೇ. ಆಕ್ಸಿಜನ್ ನೋಡೋಕೆ ಕಾಲಿಗೆ ಹಾಕಿರೋ ಕ್ಲಿಪ್ಪು ಎಲ್ಲ ಸರಿಯಿದೆ ಅಂತಿದೆ, ತಲೆಗೆ ಸಾಲ್ತಿಲ್ಲ ಅಂತ ಈ ಟೋಪಿ ಹೇಳ್ತಿದೆ. ರಕ್ತವೇ ಕಡಿಮೆಯಾದಾಗ ಹೀಗಾಗಬಹುದು. ಆಕ್ಸಿಜನ್ ಹೊರೋ ಗಾಡಿಗಳೆಲ್ಲ ತುಂಬಿವೆ, ಆದರೆ ಗಾಡಿಗಳೇ ಕಡಿಮೆ. ರಕ್ತ ಪರೀಕ್ಷೆ ಇನ್ನೂ ನಾಲ್ಕು ದಿನ ಬಿಟ್ಟು ಇತ್ತು. ಈಗಲೇ ಮಾಡೋಣ."

ಪರೀಕ್ಷೆಯ ವರದಿ ಬಂತು. ರಕ್ತ ನಿಜಕ್ಕೂ ತೀರಾ ಕಡಿಮೆ ಇತ್ತು. ಅದೇ ಸಂಜೆ ಸಣ್ಣ ಸಿರಿಂಜಿನಲ್ಲಿ ಹನಿಹನಿಯಾಗಿ ಪುಟ್ಟಿಗೆ ರಕ್ತ ಕೊಟ್ಟರು. ಗೆರೆ ಹತ್ತಿತು. ಮಾರನೇ ದಿನ ಯಂತ್ರ ಒಂದೇ ಸಲ ಕೂಗಿತು.

ಕಿಡಿಯಣ್ಣ ನರ್ಸಕ್ಕನ ಎದುರು ನಿಂತು ಕೈ ಹಿಸುಕಿಕೊಂಡ. "ಎರಡು ದಿನ ನಾನೇ ಹಾಳು ಮಾಡಿದೆ."

"ಹೆದರಿದಿರಿ. ಹೆದರೋದು ತಪ್ಪಲ್ಲ" ಅಂದಳು ಅವಳು. "ಹೆದರಿ ಕೇಳದೆ ಇರೋದು ತಪ್ಪು." ಆ ಮಾತು ಅವನ ಮನಸ್ಸಿನಲ್ಲಿ ಬಹಳ ದಿನ ನಾಟಿಕೊಂಡಿತ್ತು.

ಪುಟ್ಟಿ ಮನೆಗೆ ಬಂದಳು. ಕೆಲವು ತಿಂಗಳ ಮೇಲೆ ಆಸ್ಪತ್ರೆಯಿಂದ ಮತ್ತೆ ಕರೆ ಬಂತು. ಅಕ್ಕ ಮೂಗು ಮುರಿದಳು. "ನಗ್ತಾಳೆ, ಹಾಲು ಕುಡೀತಾಳೆ. ಇನ್ನೇನು ಬೇಕಂತೆ?"

"ಬೇಗ ಹುಟ್ಟಿದ ಕೂಸಿನ ಮಿದುಳು ಹೊಟ್ಟೆಯೊಳಗೆ ಬೆಳೀಬೇಕಾದ್ದು ಹೊರಗೆ ಬೆಳೆದಿದೆ ಅಕ್ಕ. ಹೇಗೆ ಬೆಳೀತು ಅಂತ ನೋಡೋರು ಬೇಡ್ವಾ? ನೀನೂ ಬಾ, ಕಣ್ಣಾರೆ ನೋಡು" ಅಂದ ಕಿಡಿಯಣ್ಣ.

ಈ ಸಲ ಪುಟ್ಟಿ ಅಮ್ಮನ ತೊಡೆ ಮೇಲೆ ಕೂತು ಟೋಪಿ ಹಾಕಿಸಿಕೊಂಡಳು. ಅಕ್ಕ ಟೋಪಿಯ ಒಳಭಾಗಕ್ಕೆ ಬೆರಳಿಟ್ಟು, "ತಣ್ಣಗಿದೆಯಲ್ಲ" ಅಂತ ಗೊಣಗಿದಳು. ಪುಟ್ಟಿಗೆ ಮೊದಲು ಬರೀ ಕೋಣೆಯ ಫ್ಯಾನಿನ ಸದ್ದು ಕೇಳಿಸಿದರು. ಪರದೆಯ ಗೆರೆಗಳು ತೂಕಡಿಸುತ್ತಿದ್ದವು. ಆಮೇಲೆ ಅಮ್ಮ, "ಏನೇ ಬಂಗಾರಿ, ಏನ್ ನೋಡ್ತಿದ್ದೀಯೇ?" ಅಂದಳು. ಕೆಲವು ಕ್ಷಣಕ್ಕೆ ಕಿವಿಯ ಮೇಲಿನ ಭಾಗದ ಗೆರೆಗಳು ಎದ್ದವು. ಅಮ್ಮ ಸುಮ್ಮನಾದಳು, ಇಳಿದವು. ಮತ್ತೆ ಮಾತಾಡಿದಳು, ಮತ್ತೆ ಎದ್ದವು.

"ಮಾತು ಕೇಳಿಸಿ, ಮಿದುಳಿನ ಆ ಭಾಗ ಕೆಲಸಕ್ಕೆ ಇಳೀತು. ಕೆಲಸ ಮಾಡೋ ಕಡೆಗೆ ರಕ್ತ ಜಾಸ್ತಿ ಹರಿಯುತ್ತೆ" ಅಂದಳು ನರ್ಸಕ್ಕ.

ಕಿಡಿಯಣ್ಣ ಗೋಡೆಗೆ ಒರಗಿ ನಿಂತಿದ್ದ. ಕಣ್ಣು ಒರೆಸಿಕೊಂಡದ್ದನ್ನ ಅಕ್ಕ ನೋಡಿದಳು.

"ಹಾಗಾದರೆ ಎಲ್ಲ ಸರಿ ತಾನೇ?" ಅಂತ ಅವನು ಕೇಳಿದ.

ಡಾಕ್ಟರಮ್ಮ ಪುಟ್ಟಿಯ ಕಾಲು ಬಾಗಿಸಿ, ನೀಡಿ ನೋಡುತ್ತಿದ್ದರು. "ಕೇಳಿಸಿಕೊಳ್ಳೋದು ಚೆನ್ನಾಗಿದೆ. ಬಲಗಾಲು ಸ್ವಲ್ಪ ಬಿಗಿ. ಅದನ್ನ ಟೋಪಿ ಹೇಳಲಿಲ್ಲ, ನನ್ನ ಕೈ ಹೇಳಿತು. ಟೋಪಿ ಜ್ಯೋತಿಷ್ಯ ಅಲ್ಲ. ಈ ಪರೀಕ್ಷೆಯನ್ನ ಇನ್ನೂ ನಾವೇ ಕಲೀತಿದ್ದೀವಿ. ಎಲ್ಲ ಸೇರಿಸಿ ನೋಡಬೇಕು, ಎರಡು ವರ್ಷ ಆಗೋತನಕ ನೋಡ್ತಾ ಇರಬೇಕು. ಕಾಲಿಗೆ ವ್ಯಾಯಾಮ ಹೇಳಿಕೊಡ್ತೀನಿ. ಈಗಲೇ ಶುರು ಮಾಡಿದರೆ ಒಳ್ಳೇದು."

ಆ ಉತ್ತರ ಅವನ ಭಯ ಪೂರ್ತಿ ಕಳೆಯಲಿಲ್ಲ. ಆದರೆ ಕೈಗೆ ಒಂದು ಕೆಲಸ ಕೊಟ್ಟಿತು. ದಿನಕ್ಕೆ ಮೂರು ಸಲ, ತನ್ನ ಒರಟು ಬೆರಳಿಗೆ ಎಣ್ಣೆ ಸವರಿಕೊಂಡು, ಪುಟ್ಟಿಯ ಹಿಮ್ಮಡಿಯನ್ನ ಹೂವಿನ ಹಾಗೆ ಹಿಡಿದು ಬಾಗಿಸುತ್ತಿದ್ದ. ಪುಟ್ಟಿ ಅವನ ಮೂಗಿಗೆ ಒದೆಯುತ್ತಿದ್ದಳು. ಪಕ್ಕದ ಮನೆಯ ಮಗುವಿಗಿಂತ ಮೂರು ತಿಂಗಳು ತಡವಾಗಿ, ಮಂಚದ ಅಂಚು ಹಿಡಿದು ಎದ್ದು ನಿಂತಳು. ಅಕ್ಕ ಈಗ ಇಸ್ತ್ರಿ ಅಂಗಡಿಯಲ್ಲಿ ಬಸುರಿಯರು ಯಾರಾದರೂ ಬಂದರೆ ಬಟ್ಟೆ ಬದಿಗಿಟ್ಟು ಈ ಕಥೆ ಹೇಳುತ್ತಾಳೆ. ಪೀಠೋಪಕರಣದ ಗಿರಾಕಿಗಂತೂ ಎರಡು ಸಲ ಹೇಳಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸಿದೆಯೇ? ಹುಟ್ಟಿದಾಗ ಅಳದ, ತೂಕ ಸಾಲದ ಕೂಸಿದೆಯೇ? ಮಿದುಳಿನ ಬೆಳವಣಿಗೆ ನೋಡುತ್ತೇವೆ ಅಂತ ಆಸ್ಪತ್ರೆಯವರು ಕರೆದರೆ ತಪ್ಪಿಸಿಕೊಳ್ಳಬೇಡಿ. ಬೆಳಕಿನ ಟೋಪಿ ಎಲ್ಲ ಕಡೆ ಇಲ್ಲ. ಇಲ್ಲದಿದ್ದರೆ ಚಿಂತೆ ಬೇಡ. ನೆತ್ತಿಯ ಮೇಲಿಂದ ಮಾಡುವ ಸ್ಕ್ಯಾನ್, ಕಿವಿ ಮತ್ತು ಕಣ್ಣಿನ ಪರೀಕ್ಷೆ, ಡಾಕ್ಟರ ಕೈ ಇವೆ. ಯಾವ ಪರೀಕ್ಷೆಯಾದರೂ, ಯಾಕೆ ಮಾಡುತ್ತೀರಿ, ಮಗುವಿಗೆ ನೋವಾಗುತ್ತದೆಯೇ, ಇದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಅಂತ ಧೈರ್ಯವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಅರ್ಥವಾದ ಮೇಲೆ ಸಹಿ ಹಾಕಿ. ಮಗು ನಗುತ್ತಿದೆ ಅಂತ ಮುಂದಿನ ಭೇಟಿ ಬಿಡಬೇಡಿ. ಚೀಟಿಯಲ್ಲಿ ಬರೆದುಕೊಟ್ಟ ದಿನ, ಮಳೆ ಇರಲಿ, ಕೆಲಸ ಇರಲಿ, ಕೂಸನ್ನು ಎತ್ತಿಕೊಂಡು ಹೊರಡಿ.