ಅವ್ವ ಅಂದ ‘ಹೂಂ’

ಕೆರೆದುಕೊಳ್ಳಬಾರದು ಅಂತ ಡಾಕ್ಟರು ಹೇಳಿದ್ದರು. ಎಚ್ಚರವಿದ್ದಾಗ ಹೇಗೋ ತಡೆಯಬಹುದು, ನಿದ್ದೆಯಲ್ಲಿ ಕೈ ಯಾರ ಮಾತು ಕೇಳುತ್ತದೆ? ಅದಕ್ಕೆ ಅವ್ವ ಅಪ್ಪನ ಕಾಲುಚೀಲಗಳನ್ನು ನನ್ನ ಎರಡೂ ಕೈಗೆ ಹಾಕಿ, ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಬಿಗಿದಿದ್ದಳು. ಮೂರು ದಿಂಬು ಪೇರಿಸಿಕೊಂಡು, ಕೂತಂತೆಯೂ ಅಲ್ಲ ಮಲಗಿದಂತೆಯೂ ಅಲ್ಲ, ಹಾಗೆ ಒರಗಿರಬೇಕು. ಬಿಸಿಲು ಬೀಳಬಾರದೆಂದು ಕಿಟಕಿಗೆ ಹಳೆಯ ಸೀರೆ. ಡೈರಿಯಾದರೂ ಬರೆಯೋಣವೆಂದರೆ ಕಾಲುಚೀಲದೊಳಗಿನ ಬೆರಳಿಗೆ ಪೆನ್ನು ಸಿಗುತ್ತಿರಲಿಲ್ಲ. ಎದ್ದು ಬಾಗಿಲಿನವರೆಗೆ ಹೋಗುತ್ತಿದ್ದೆ, ಮತ್ತೆ ಬಂದು ಒರಗುತ್ತಿದ್ದೆ, ಮತ್ತೆ ಏಳುತ್ತಿದ್ದೆ.

ಮಾರ್ಕೆಟ್ಟಿಗೆ ಮೆಣಸಿನಕಾಯಿ ಬಂದು ಬೀಳುವ ದಿನಗಳವು. ಬ್ಯಾಡಗಿಯವರಿಗೆ ಆ ಘಾಟು ಗೊತ್ತೇ ಆಗುವುದಿಲ್ಲ. ನನಗೂ ಇಪ್ಪತ್ಮೂರು ವರ್ಷ ಗೊತ್ತಾಗಿರಲಿಲ್ಲ. ಮುಖದ ಮೇಲಿನ ತೊಗಲು ಹೋದ ಮೇಲೆ ಮಾತ್ರ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುವಂತಾಗಿದ್ದೆ.

ಮಂಗಳವಾರ ಹುಬ್ಬಳ್ಳಿಯಲ್ಲಿ ಲೇಸರ್ ಮಾಡಿಸಿಕೊಂಡು ಬಂದಿದ್ದೆ. ಮೊಡವೆ ಹೋಗಿ ಆರು ವರ್ಷವಾಗಿದ್ದರೂ ಅವು ಬಿಟ್ಟುಹೋದ ಗುಣಿಗಳು ಎರಡೂ ಕೆನ್ನೆಯ ಮೇಲಿದ್ದವು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ನನ್ನ ಕೆಲಸ: ಒದ್ದೆ ಕಾಗದದ ಮೇಲೆ ನೂರು ಬೀಜ ಇಟ್ಟು, ಮೊಳಕೆ ಬಂದವನ್ನು ಎಣಿಸುವುದು. ಕೊರೋನಾ ಕಾಲದಲ್ಲಿ ಹಾಕಿದ ಮಾಸ್ಕನ್ನು ಎಲ್ಲರೂ ತೆಗೆದರು, ನಾನು ತೆಗೆಯಲಿಲ್ಲ. ಧೂಳಿನ ಅಲರ್ಜಿ ಅಂತ ಹೇಳಿಕೊಂಡು ಬಂದೆ. ಕೊನೆಗೆ ಆ ಸುಳ್ಳೇ ಸಾಕಾಗಿ ಹುಬ್ಬಳ್ಳಿಯ ಬಸ್ಸು ಹತ್ತಿದ್ದೆ.

ಅವ್ವನಿಗೆ ಮಾತ್ರ ಇದು ಓಣಿಗೆ ತಿಳಿಯುವುದು ಬೇಡವಾಗಿತ್ತು. “ಜ್ಯೋತಿಲಕ್ಷ್ಮಿ ಮಗಳು ಮಾರಿ ತಿದ್ದಿಸ್ಕೊಂಡು ಬಂದಾಳಂತ ಕಟ್ಟಿಗೆ ಕುಂತು ಆಡ್ಕೋತಾರ. ಹತ್ತ ದಿನ ಒಳಗ ಇದ್ದುಬಿಡು.”

ಮೂರನೇ ದಿನ, ಗುರುವಾರ, ಪಕ್ಕದ ಮನೆಯ ಕರೆವ್ವ ದೊಡ್ಡವ್ವ ಹೆಪ್ಪಿಗೆ ಮೊಸರು ಕೇಳಲು ಬಂದವಳು ಸೀದಾ ನನ್ನ ಕೋಣೆಯ ಬಾಗಿಲು ನೂಕಿದಳು. ಬಾವು ಏರಿ ನನ್ನ ಕಣ್ಣು ಗೆರೆಯಾಗಿದ್ದವು. ಕೆನ್ನೆ, ಹಣೆಯ ತುಂಬ ಸಣ್ಣ ಸಣ್ಣ ಕೆಂಪು ಚುಕ್ಕೆ, ಅದರ ಮೇಲೆ ಮುಲಾಮಿನ ಹೊಳಪು. ದೊಡ್ಡವ್ವ ಬಾಗಿಲಲ್ಲೇ ನಿಂತಳು. ಚಪ್ಪಲಿ ಹೊರಗೇ ಬಿಟ್ಟಿದ್ದರೂ ಕಾಲು ನೋಡಿಕೊಂಡಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

“ಜ್ಯೋತಿ, ಅಮ್ಮ ಬಂದಾಳಲ್ಲ?”

ಅವ್ವ ನನ್ನನ್ನು ನೋಡಿದಳು, ದೊಡ್ಡವ್ವನನ್ನು ನೋಡಿದಳು. “ಹೂಂ” ಅಂದಳು.

ಸಿಡುಬು, ಅಂದರೆ ಈಗಿನ ಚಿಕನ್‌ಪಾಕ್ಸ್, ಎದ್ದವರನ್ನು ದೇವಿ ಹೊಕ್ಕಿದ್ದಾಳೆಂದು ನಮ್ಮ ಕಡೆ ಈಗಲೂ ನಂಬುತ್ತಾರೆ. ಆ ಮನೆಗೆ ಯಾರೂ ಸುಮ್ಮನೆ ನುಗ್ಗುವುದಿಲ್ಲ. ಅವ್ವ ಅಷ್ಟನ್ನೇ ಯೋಚಿಸಿದ್ದಳು. ದೊಡ್ಡವ್ವ ಅಷ್ಟಕ್ಕೇ ಬಿಡುವವಳಲ್ಲ. “ಮಾರಿ ಮ್ಯಾಲ ಮಾರವ್ವನ ಕುಂತಾಳ, ತಾಯಿ” ಎನ್ನುತ್ತ ನೆಲಕ್ಕೆ ಹಣೆ ಹಚ್ಚಿದಳು. ಮೊಣಕಾಲು ಹಿಡಿದುಕೊಂಡು ಏಳಲು ಆಕೆಗೆ ಎರಡು ನಿಮಿಷ ಬೇಕಾಯಿತು. ಹೋಗಿ ಬೇವಿನ ಟೊಂಗೆ ತಂದು ಬಾಗಿಲಿಗೆ ಸಿಕ್ಕಿಸಿದಳು. ಒಗ್ಗರಣೆ ಹಾಕಬೇಡ, ಕರಿಯಬೇಡ ಅಂತ ಅವ್ವನಿಗೆ ತಾಕೀತು ಮಾಡಿದಳು.

ಆವತ್ತು ಸಂಜೆಯಿಂದ ಹೊಸ್ತಿಲ ಹೊರಗೆ ತಣ್ಣನೆಯ ಅಂಬಲಿ, ಮೊಸರನ್ನ ಬಂದು ಕೂಡತೊಡಗಿದವು. ಎದುರುಮನೆಯ ಗಿರಿಯಪ್ಪನ ಹೆಂಡತಿ ಅಂಗಳದಲ್ಲಿ ನಿಂತು ಕೈ ಮುಗಿದು, “ಬಂದಂಗ ತಣ್ಣಗ ಹೋಗವಾ. ಹೋಗ್ತಾ ನನ್ನ ಟೊಂಕದ ನೋವೊಂದು ತಗೊಂಡು ಹೋಗು” ಅಂದಳು. ಒಳಗೆ ನಾನು ಉಸಿರು ಹಿಡಿದು ಕೂತಿದ್ದೆ. ಯಾರೂ ನೋಡದಿರಲಿ ಎಂದು ಆರು ವರ್ಷ ಬಚ್ಚಿಟ್ಟ ಮುಖಕ್ಕೆ ಈಗ ಓಣಿಯೇ ಕೈ ಮುಗಿಯುತ್ತಿತ್ತು. ನಗು ಬಂದರೆ ತೊಗಲು ಬಿರಿಯುತ್ತಿತ್ತು.

“ಖರೇ ಹೇಳಿಬಿಡವ್ವಾ.”

“ಈಗ ಹೆಂಗ ಹೇಳೂದು? ಆಕಿ ನೆಲಕ್ಕ ಹಣಿ ಹಚ್ಚಿ ಹೋಗ್ಯಾಳ. ನಾಕ ದಿನ ಸುಮ್ನಿರು.”

ಇದಿಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

ಶನಿವಾರ ಮಧ್ಯಾಹ್ನ ಹಿತ್ತಲ ಗೋಡೆಯ ಆಚೆ ದೊಡ್ಡವ್ವನ ದನಿ ಕೇಳಿಸಿತು. “ಹೊಟ್ಟಿಯಾಗ ಕೂಸು ಇಟ್ಕೊಂಡು, ಆಕಿ ಹಾಸಿಗಿ ಮ್ಯಾಲ ಕುಂತು ಕೈ ಹಿಡಕೊಂಡಿದ್ದೆ ಅಂತಿಯಲ್ಲ, ನಿನಗ ಯಾರ ಹೇಳಿದ್ರು ಅಲ್ಲಿಗೆ ಹೋಗು ಅಂತ?”

ಉತ್ತರವಾಗಿ ಬಂದದ್ದು ಬರೀ ಬಿಕ್ಕು. ಅದು ಪ್ರಿಯಾಂಕಾ ವೈನಿಯದು, ದೊಡ್ಡವ್ವನ ಸೊಸೆ.

ಮಂಗಳವಾರ ಸಂಜೆ ವೈನಿ ಹಿತ್ತಲಿಂದ ಬಂದಿದ್ದಳು. ಏಳನೇ ತಿಂಗಳಿನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನವರು ತರಲಿರುವ ಹಸಿರು ಸೀರೆಯ ಫೋಟೋ ತೋರಿಸಿದ್ದಳು. ಮುಖಕ್ಕೇನಾಯಿತು ಅಂತ ಕೇಳಿದ್ದಕ್ಕೆ ನಾನು, ಅವ್ವನಲ್ಲ, ನಾನೇ, ಅಲರ್ಜಿ ಅಂದಿದ್ದೆ. ಅವಳು ಅರ್ಧ ತಾಸು ನನ್ನ ಕೈ ಹಿಡಿದು ಕೂತಿದ್ದಳು.

ಗೋಡೆಗೆ ಕಿವಿ ಹಚ್ಚಿ ಉಳಿದದ್ದನ್ನೂ ಕೇಳಿದೆ. ಬಸುರಿಗೆ ಸಿಡುಬು ತಗುಲಿದರೆ ಕೂಸಿಗೆ ಅಪಾಯವೆಂದು ನಿನ್ನೆ ಹಾವೇರಿಗೆ ಕರೆದೊಯ್ದು ರಕ್ತ ಪರೀಕ್ಷೆಗೆ ಕೊಟ್ಟು ಬಂದಿದ್ದಾರೆ. ವೈನಿ ಎರಡು ದಿನದಿಂದ ನೆಟ್ಟಗೆ ಉಂಡಿಲ್ಲ. ನಾಳೆಯ ಕುಬಸಕ್ಕೆ ಬರಬೇಡಿರೆಂದು ಮೇಡ್ಲೇರಿಯ ತವರಿಗೆ ಹೇಳಿಯಾಗಿದೆ. ನಾಳೆ ತಪ್ಪಿದರೆ ಎಂಟನೇ ತಿಂಗಳು ಬೀಳುತ್ತದೆ, ಎಂಟರಲ್ಲಿ ಮಾಡುವ ಪದ್ಧತಿಯಿಲ್ಲ.

ಕೋಣೆಯೊಳಗೆ ಎಷ್ಟು ಸಲ ತಿರುಗಿದೆನೋ. ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿಕೊಂಡೆ, ಕೆಡವಿದೆ. ಲ್ಯಾಬಿನಲ್ಲಿ ಒಂದು ದಿನದ ರಜೆಯನ್ನೂ ಬಾಯಿಬಿಟ್ಟು ಕೇಳಲಾರದೆ ಚೀಟಿ ಬರೆದಿಡುವವಳು ನಾನು. ಅವ್ವ ಹಿಟ್ಟಿನ ಗಿರಣಿಗೆ ಹೋದದ್ದು ನೋಡಿ, ಇನ್ನೂ ಯೋಚಿಸಿದರೆ ಹೋಗುವುದಿಲ್ಲವೆಂದು ಹಿತ್ತಲ ಬಾಗಿಲು ತೆಗೆದೆ. ಬಿಸಿಲು ಮುಖಕ್ಕೆ ಬಿದ್ದದ್ದೇ ಬಿಸಿ ಹಂಚು ಹಿಡಿದಂತಾಯಿತು. ದೊಡ್ಡವ್ವನ ಹಿತ್ತಲಿಗೆ ಹೋಗಿ ನುಗ್ಗೆಗಿಡದ ನೆರಳಿಗೆ ನಿಂತೆ.

“ಅಲ್ಲೇ ನಿಂದ್ರು” ಅಂದಳು ಕರೆವ್ವ ದೊಡ್ಡವ್ವ. ಬೈಗುಳವೂ ಅಲ್ಲ, ಬೇಡಿಕೆಯೂ ಅಲ್ಲ. “ತಾಯಿ, ಮನ್ಯಾಗ ಬಸುರಿ ಅದಾಳ. ಹಿಂದಕ್ಕ ಸರಿ.”

“ದೊಡ್ಡವ್ವಾ, ನನಗ ಅಮ್ಮ ಬಂದಿಲ್ಲ. ಇದು ಲೇಸರ್. ದುಡ್ಡು ಕೊಟ್ಟು ಮಾಡಿಸ್ಕೊಂಡೇನಿ.”

ವೈನಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ಕಣ್ಣು ನನ್ನ ಕಣ್ಣಿನಷ್ಟೇ ಬಾತಿದ್ದವು. ಚಹಾ ಕುಡಿಯುತ್ತಿದ್ದ ಅವಳ ಗಂಡ ಚನ್ನೇಶಣ್ಣ ಕಪ್ಪು ಕೆಳಗಿಟ್ಟ. ಅವನದು ಔಷಧಿ ಅಂಗಡಿ.

“ಸುಳ್ಳ ಯಾಕ ಹೇಳ್ತಿ, ಐಶ್ವರ್ಯಾ? ನಿಮ್ಮವ್ವ ಗುಳಿಗಿ ಒಯ್ದಿದ್ದು ನನ್ನ ಅಂಗಡ್ಯಾಗ. ಅಮ್ಮ ಎದ್ದಾಗ ಕೊಡೂ ಗುಳಿಗಿನ ಅವು.”

ಅವ್ವ ಗುಳಿಗೆ ತಂದದ್ದು ಅವನ ಅಂಗಡಿಯಿಂದ ಅಂತ ನನಗೆ ಗೊತ್ತಿರಲಿಲ್ಲ. “ಲೇಸರ್ ಆದಮ್ಯಾಲ ತುಟಿ ಹತ್ರ ಗುಳ್ಳಿ ಏಳಬಾರ್ದು ಅಂತ ಮುಂಚೇನ ಕೊಡ್ತಾರಂತ” ಅಂದೆ. ನನ್ನ ಕಿವಿಗೇ ಅದು ಕಟ್ಟಿದ ಮಾತಿನಂತೆ ಕೇಳಿಸಿತು.

“ನಿಮ್ಮವ್ವ ತನ್ನ ಬಾಯ್ಲೇನ ಹೂಂ ಅಂದಾಳ” ಅಂದಳು ದೊಡ್ಡವ್ವ.

“ಅವ್ವ ನಾಚಿಕೆಗೆ ಅಂದ್ಲು.”

ಬಾಯಿಂದ ಇನ್ನು ಏನು ಹೇಳಿದರೂ ಆಗದು ಅನ್ನಿಸಿತು. ಹಲ್ಲಿನಿಂದ ರಬ್ಬರ್ ಬ್ಯಾಂಡ್ ಎಳೆದು ಕಾಲುಚೀಲ ಕಳಚಿದೆ. ತೋಳು ತೋರಿಸಿದೆ, ಕುತ್ತಿಗೆ ತೋರಿಸಿದೆ. ಒಂದು ಗುಳ್ಳೆಯೂ ಇರಲಿಲ್ಲ. ಆಮೇಲೆ ಫೋನು ತೆಗೆದೆ. ಲೇಸರ್‌ಗೆ ಮೊದಲು ದವಾಖಾನೆಯವರು ಬಿಳಿ ದೀಪದ ಕೆಳಗೆ ಕೂರಿಸಿ ತೆಗೆದ ಫೋಟೋಗಳು ಅದರಲ್ಲಿದ್ದವು. ಒಂದೊಂದು ಗುಣಿಯೂ ಬಾಯಿ ತೆರೆದುಕೊಂಡಂತೆ ಕಾಣುತ್ತಿತ್ತು. ಅವನ್ನು ಅವ್ವನಿಗೂ ತೋರಿಸಿರಲಿಲ್ಲ. ಕಟ್ಟೆಯ ಮೇಲೆ ಫೋನಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದೆ.

ಚನ್ನೇಶಣ್ಣ ತಗೊಂಡು ನೋಡಿದ. ವೈನಿಗೆ ಕೊಟ್ಟ. ಅವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು. “ಇದಕ್ಕೇನ ಮಾಸ್ಕ್ ಹಾಕ್ಕೊಂಡು ಅಡ್ಯಾಡತಿದ್ದೀ?”

“ಹೂಂ ವೈನಿ. ಅಲರ್ಜಿ ಅಂದದ್ದು ಸುಳ್ಳು. ಆವತ್ತ ನಿನಗ ಹೇಳಿದ್ದರ ಇಷ್ಟು ಆಗತಿರ್ಲಿಲ್ಲ.”

ಅವಳು ಅಲ್ಲೇ ಕೂತುಬಿಟ್ಟಳು. ಹೊಟ್ಟೆಯ ಮೇಲೆ ಎರಡೂ ಕೈ.

“ಎರಡ ದಿನ” ಅಂದಳು. “ಎರಡ ದಿನ ಇದಕ್ಕ ಏನಾತೋ ಅಂತ ಎಣಸ್ಕೋತ ಕುಂತೇನಿ.” ಬೈದಿದ್ದರೆ ಚಲೋ ಇತ್ತು.

“ಲೇಸರ್ ಮಾಡಿಸ್ಕೊಂಡವ್ರಿಗೆ ಈ ಗುಳಿಗಿ ಕೊಡ್ತಾರೇನಂತ ಡಾಕ್ಟರಿಗೆ ಕೇಳ್ತೇನಿ” ಎಂದು ಚನ್ನೇಶಣ್ಣ ಹೊರಗೆ ಹೋಗಿ ಫೋನು ಮಾಡಿ, ಎರಡೇ ನಿಮಿಷಕ್ಕೆ ತಿರುಗಿ ಬಂದ. “ಕೊಡ್ತಾರಂತಬೇ.” ಆದರೆ ದೊಡ್ಡವ್ವನಿಗೆ ಚಿಂತೆ ಬೇರೆ ಇತ್ತು. “ನಾವು ನಂಬಿದ್ವಿ. ಮೇಡ್ಲೇರಿಯವ್ರು ನಂಬಬೇಕಲ್ಲ? ಅಮ್ಮ ಇದ್ದ ಓಣಿಗೆ ಮಗಳ ಕುಬಸಕ್ಕ ಬರ್ರಿ ಅಂದ್ರ ಯಾರ ಬರ್ತಾರ?” ಎನ್ನುತ್ತ ವೈನಿಯ ಫೋನಿನಿಂದಲೇ ವೀಡಿಯೋ ಕಾಲ್ ಹಚ್ಚಿದಳು.

ಪರದೆಯ ಮೇಲೆ ವೈನಿಯ ತಾಯಿ ಮರಿಯವ್ವ ಬಂದಳು. ಹಿಂದೆ ಪಡಸಾಲೆಯಲ್ಲಿ ಇನ್ನೂ ಮೂರು ತಲೆ.

“ಲೇಸರ್ ಅಂದ್ರ ಏನ್ರಿ ಬೀಗತಿ?”

“ಕರೆಂಟಿನ ಬೆಳಕು ಬಿಟ್ಟು ಮಾರಿ ತೊಗಲು ಸುಡತಾರಂತ್ರಿ.”

“ಯಾಕ, ಏನ್ ತಪ್ಪು ಮಾಡಿತ್ತು ಹುಡುಗಿ?”

“ತಗೊ, ನೀನ ಹೇಳು” ಅಂತ ದೊಡ್ಡವ್ವ ಫೋನನ್ನು ನನ್ನ ಕೈಗೆ ತುರುಕಿದಳು.

ವೀಡಿಯೋ ಕಾಲಿನಲ್ಲಿ ನಾನು ಯಾವತ್ತೂ ಕ್ಯಾಮೆರಾಕ್ಕೆ ಬೆರಳು ಅಡ್ಡ ಹಿಡಿದು ಮಾತಾಡುವವಳು. ಕೆಳಗಿನ ಚಿಕ್ಕ ಚೌಕದಲ್ಲಿ ನನ್ನ ಮುಖ ಕಾಣಿಸಿತು. ಕಂದುಗಟ್ಟಿದ ಚುಕ್ಕೆಗಳು, ಅಲ್ಲಲ್ಲಿ ಸುಲಿಯುತ್ತಿರುವ ಸಿಪ್ಪೆ, ಅದರಡಿ ಎಳೆಯ ಗುಲಾಬಿ.

“ಬೆಳಕಿಗೆ ಬಾರವಾ, ಕಾಣವಲ್ಲದು” ಅಂದಳು ಮರಿಯವ್ವ.

ನುಗ್ಗೆಯ ನೆರಳಿನಿಂದ ಈಚೆ ಬಂದೆ.

“ಇನ್ನೊಂದೀಟು ಸಮೀಪ ಹಿಡಿ. ಎಡಗಲ್ಲ ತೋರ್ಸು. ನಿನ್ನ ಮದವಿ ಗೊತ್ತಾಗೇತೇನು?”

“ಇಲ್ರಿ.”

“ಮತ್ತ ಯಾರ ಸಲುವಾಗಿ ಮಾಡಿಸ್ಕೊಂಡಿ?”

“ನನ್ನ ಸಲುವಾಗರಿ.”

ಅಲ್ಲಿ ಮೂರು ತಲೆಗಳೂ ಮುಂದೆ ಬಂದವು. ಪರದೆಯ ತುಂಬ ಕಣ್ಣು. ನಾನು ಮುಖ ತಿರುಗಿಸಲಿಲ್ಲ. ತಿರುಗಿಸಿದರೆ ನಾಳೆ ಅವರು ಬರುವುದಿಲ್ಲ.

“ಇದು ಸಾಲು ಹಿಡದೈತಿ ನೋಡ್ರಿ” ಅಂದಳು ಮರಿಯವ್ವ ಕೊನೆಗೆ, ಹಿಂದಿನವರಿಗೆ. “ಕೂರಿಗಿ ಹೂಡಿ ಬಿತ್ತಿದಂಗ, ಒಂದರ ಪಕ್ಕ ಒಂದು, ನೆಟ್ಟಗ. ನಾನು ನಾಕ ಮಕ್ಕಳ ಮೈಮ್ಯಾಲ ಅಮ್ಮನ್ನ ನೋಡೇನಿ. ಆಕಿ ಸಾಲು ಹಿಡದು ಬರಾಕಿ ಅಲ್ಲ, ಕೈಲೆ ಕಾಳು ಉಗ್ಗಿದಂಗ ಎಲ್ಲಿ ಬೇಕಲ್ಲಿ ಬರತಾಳ.” ಮತ್ತೆ ನನ್ನತ್ತ ತಿರುಗಿ, “ಉರಿ ಐತೇನವಾ?”

“ಉರಿ ಕಡಿಮಿ ಆಗೇತ್ರಿ. ತುರಿಕಿ ತಡಕೊಳ್ಳಾಕ ಆಗವಲ್ಲದು.”

“ಕೆರಕೋಬ್ಯಾಡ. ಬೀಗತಿಗೆ ಹೇಳು, ಒಂಬತ್ತರೊಳಗ ಬರ್ತೀವಿ. ರಾಣೆಬೆನ್ನೂರಾಗ ಇಳದು ಬಳಿ ತಗೊಂಡು ಬರ್ತೀವಿ.”

ವೈನಿ ಎದ್ದು ಬಂದು ನನ್ನ ಕೈಯಿಂದ ಫೋನು ತಗೊಂಡಳು. “ಯವ್ವಾ” ಅಂದಳು, ಒಳಗೆ ಹೋದಳು.

ನಾನು ಹೊರಟೆ. ಕರೆವ್ವ ದೊಡ್ಡವ್ವ ಹಿಂದಿನಿಂದ ಕರೆದಳು. “ನಿಮ್ಮವ್ವಗ ಹೇಳು, ಆಕಿ ಕೂಡ ನಾನು ಎಂಟ ದಿನ ಮಾತಾಡಂಗಿಲ್ಲ.” ಸ್ವಲ್ಪ ತಡೆದು, “ಮುಂಜಾನೆ ಆರಕ್ಕ ಹೋಳಿಗಿ ಲಟ್ಟಿಸಾಕ ಬಾ ಅನ್ನು. ನನ್ನ ಒಬ್ಬಾಕಿ ಕಡೆ ಆಗೂದಿಲ್ಲ.”

ಅವ್ವ ಗಿರಣಿಯಿಂದ ಬಂದು ಹಿಟ್ಟಿನ ಡಬ್ಬಿ ಇಳಿಸುತ್ತಿದ್ದಳು. ಎರಡೂ ಮಾತನ್ನು ಅದೇ ಕ್ರಮದಲ್ಲಿ ಹೇಳಿದೆ. ಅವ್ವ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. ಆಮೇಲೆ, “ಬಿಸಲಾಗ ಯಾಕ ಹೋಗಿದ್ದಿ” ಅಂದು, ಅಟ್ಟದ ಮೇಲೆ ಲಟ್ಟಣಿಗೆ ಹುಡುಕತೊಡಗಿದಳು.