ಫ್ಯಾನಿಗೆ ಹತ್ತಿದ ಕುಂಕುಮ

ಬೆಳಗಿನಿಂದ ಗರಗರ ಅನ್ನುತ್ತಿದ್ದ ಕಂಪ್ಯೂಟರು ತಟ್ಟನೆ ಸುಮ್ಮನಾಯಿತು. ಪರದೆ ಕಪ್ಪಾಯಿತು. ಹಂಸ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಒಲೆಯಿಂದ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು.

ಅದರೊಳಗೆ ಗಂಡ ವಸಂತನ ದನಿಯಿತ್ತು. ಸಾಯುವ ಹಿಂದಿನ ತಿಂಗಳು ಮೈಕು ಪರೀಕ್ಷಿಸಲೆಂದು ಅವನು ಆಡಿದ್ದು ಒಂದೇ ಮಾತು: "ಹಲೋ ಹಲೋ, ಹಂಸ, ಟೀ ಎಲ್ಲೇ?" ಅತ್ತೆ ಆಂಜನಮ್ಮ ದಿನಾ ಸಂಜೆ ಅದನ್ನು ಹಾಕಿಸಿಕೊಂಡು ಕೇಳುತ್ತಿದ್ದರು. ಅವನು ಸತ್ತ ದಿನ ಮೂಗಿನ ಬಳಿ ಬೆರಳಿಟ್ಟು ಉಸಿರಿದೆಯೇ ಎಂದು ನೋಡಿದವರೂ ಅವರೇ.

ಹಂಸ ಶಿವಾಜಿನಗರದ ಅಂಗಡಿಗೆ ಫೋನು ಮಾಡಿದಳು. ಕಂಪ್ಯೂಟರು ಜೋಡಿಸಿಕೊಟ್ಟಿದ್ದು ವಸಂತನ ಗೆಳೆಯ ನಯಾಜ್.

"ಫ್ಯಾನ್ ನಿಂತಿರ್ಬೇಕು ಮೇಡಂ. ಹಾಗೇ ಆನ್ ಮಾಡ್ಬೇಡಿ, ಬಿಸಿಗೆ ಡಿಸ್ಕೂ ಹೋದ್ರೆ ಕಷ್ಟ. ಅದ್ರಲ್ಲಿರೋದಕ್ಕೆ ಕಾಪಿ ಇದೆ ಅಲ್ವಾ?"

"ಇಲ್ಲ."

"ಅರೇ ಅಲ್ಲಾ! ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ. ಏನ್ ಸಿಕ್ಕೊಂಡಿದೆ ನೋಡಿ."

ಒಳಗೆ ಧೂಳಿಗಿಂತ ಕುಂಕುಮವೇ ಹೆಚ್ಚಿತ್ತು. ಫ್ಯಾನಿನ ನಡುವೆ ಹೂವಿನ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಹೋದ ವಾರ ಆಯುಧಪೂಜೆಗೆ, "ನನ್ ಮಗನ ಆಯುಧ ಇದೇಯ," ಎಂದು ಆಂಜನಮ್ಮ ಹಿಂದಿನ ಜಾಲರಿಗೆ ಹೂ ಸಿಕ್ಕಿಸಿ ಕುಂಕುಮ ಎರಚಿದ್ದರು. ಹಂಸ ಬಾಗಿಲ ಬಳಿಯೇ ನಿಂತಿದ್ದಳು. ಅವಳನ್ನು ಯಾರೂ ಒಳಗೆ ಕರೆದಿರಲಿಲ್ಲ.

ಹಳೆಯ ಬ್ರಷ್ಷಿನಿಂದ ರೆಕ್ಕೆಗಳನ್ನು ಉಜ್ಜಿದಳು. ಬೆರಳೆಲ್ಲ ಕೆಂಪಾಯಿತು. ಬ್ಲೇಡು ಹಿಡಿದು, ಯಾವುದನ್ನು ಕತ್ತರಿಸುವುದೆಂದು ಬಗ್ಗಿ ನೋಡಿದಳು. ದಾರವೂ ಕೆಂಪು, ಫ್ಯಾನಿನ ತಂತಿಯೂ ಕೆಂಪು.

"ಏನಾತವ್ವಾ?" ಆಂಜನಮ್ಮ ಬಂದು ನಿಂತಿದ್ದರು. ಹಂಸ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವರು ನೋಡಿದ್ದು ಫ್ಯಾನನ್ನು.

"ನನ್ನಿಂದ್ಲೇ ಕೆಟ್ಟೋಯ್ತಾ?"

ಹಂಸ ದಾರದ ಕಡೆ ನೋಡಿದಳು.

"ಅವ್ನ ಮಾತೂ ಓಯ್ತಾ?"

"ಗೊತ್ತಿಲ್ಲ ಅತ್ತೆ."

ಆಂಜನಮ್ಮ ಗೋಡೆ ಹಿಡಿದು ನೆಲಕ್ಕೆ ಕೂತರು. "ಬ್ಲೇಡ್ ಮಡುಗು. ನಾನಾಕಿರೋ ಗಂಟು, ನಾನೇ ಬಿಚ್ತೀನಿ."

ದಾರ ಎಳೆ ಎಳೆಯಾಗಿ ಬಂತು. ಕೊನೆಗೊಂದು ಬಾಡಿದ ಕನಕಾಂಬರವೂ.

ಹಂಸ ತಗಡು ಮುಚ್ಚಿ, ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಒತ್ತಿದಳು. ಗರಗರ ಇರಲಿಲ್ಲ. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಆಂಜನಮ್ಮ ಪೆಟ್ಟಿಗೆಯ ಹಿಂದಕ್ಕೆ ಬಗ್ಗಿ, ಜಾಲರಿಗೆ ಎರಡು ಬೆರಳು ಹಿಡಿದರು.

"ಗಾಳಿ ಬತ್ತೈತೆ."

ಪರದೆ ಬೆಳಗಿತು. ಹಂಸ ಕುಂಕುಮದ ಬೆರಳಿನಲ್ಲೇ ಮೌಸ್ ಒತ್ತಿದಳು.

"ಹಲೋ ಹಲೋ, ಹಂಸ, ಟೀ ಎಲ್ಲೇ?"

ಮಾತು ಮುಗಿಯಿತು. ಆಂಜನಮ್ಮ ಜಾಲರಿಯಿಂದ ಬೆರಳು ತೆಗೆಯಲಿಲ್ಲ.